ಪೀಠದ ಮಾತು, ಬೀದಿಯ ಬೆಲೆ

2024ರ ನವೆಂಬರ್ 26ರಂದು ದೇಶ ಸಂವಿಧಾನ ದಿನವನ್ನು ಆಚರಿಸುತ್ತಿತ್ತು. ಅದೇ ದಿನ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ವಕ್ಫ್ ನೋಟಿಸುಗಳ ವಿರುದ್ಧ ನಡೆದ ರೈತರ ಪ್ರತಿಭಟನೆಯಲ್ಲಿ ವಿಶ್ವ ಒಕ್ಕಲಿಗರ ಮಹಾಸಂಸ್ಥಾನ ಮಠದ ಕುಮಾರ ಚಂದ್ರಶೇಖರನಾಥ ಸ್ವಾಮೀಜಿಯವರು, ಮುಸ್ಲಿಮರಿಗೆ ಮತದಾನದ ಹಕ್ಕು ಇಲ್ಲದಂತೆ ಮಾಡಬೇಕೆಂದು ಹೇಳಿದರು. ಮರುದಿನವೇ ಅದು ಬಾಯ್ತಪ್ಪಿ ಬಂದ ಮಾತೆಂದು ತಿಳಿಸಿ, ಮುಸ್ಲಿಮರೂ ಈ ದೇಶದ ಪ್ರಜೆಗಳೇ ಎಂದು ಹೇಳಿ ವಿಷಾದ ವ್ಯಕ್ತಪಡಿಸಿದರು. ಉಪ್ಪಾರಪೇಟೆ ಠಾಣೆಯಲ್ಲಿ ಪ್ರಕರಣ ದಾಖಲಾಯಿತು. ಅಲ್ಲಿಂದಾಚೆಗೆ ಚರ್ಚೆ ನಡೆದದ್ದು ಆಡಿದ ಮಾತಿನ ಸರಿತಪ್ಪುಗಳ ಬಗ್ಗೆ ಅಲ್ಲ. ಒಂದು ಕಡೆಯವರು ಬಂಧನಕ್ಕೆ ಒತ್ತಾಯಿಸಿದರು. ಇನ್ನೊಂದು ಕಡೆಯವರು ಪ್ರಕರಣವನ್ನು ಸಮುದಾಯದ ಮೇಲಿನ ದಾಳಿಯೆಂದು ಬಣ್ಣಿಸಿದರು. ಸ್ವಾಮೀಜಿಯವರೇ ಹಿಂದಕ್ಕೆ ಪಡೆದ ಮಾತನ್ನು ಅವರ ಬೆಂಬಲಿಗರು ಬಿಟ್ಟುಕೊಡಲು ಸಿದ್ಧರಿರಲಿಲ್ಲ.

ಈ ಗದ್ದಲದಲ್ಲಿ ಮೊದಲು ನಷ್ಟವಾದದ್ದು ರೈತನಿಗೆ. ವಿಜಯಪುರ ಮೊದಲಾದ ಜಿಲ್ಲೆಗಳಲ್ಲಿ ಪಹಣಿಯ 11ನೇ ಕಾಲಂನಲ್ಲಿ ವಕ್ಫ್ ಹೆಸರು ಕಂಡು ಕಂಗಾಲಾದ ರೈತರ ಅಹವಾಲು ನ್ಯಾಯಯುತವಾದುದೇ ಆಗಿತ್ತು. ಅಂಥ ನೋಟಿಸುಗಳನ್ನು ಹಿಂಪಡೆಯುವಂತೆ ರಾಜ್ಯ ಸರ್ಕಾರ ಆ ನವೆಂಬರ್‌ನಲ್ಲೇ ಸೂಚಿಸಿತ್ತು. ಸೂಚನೆ ಪಾಲನೆಯಾಗಿದೆಯೇ, ಪ್ರತಿ ತಾಲ್ಲೂಕಿನಲ್ಲೂ ದಾಖಲೆ ತಿದ್ದುಪಡಿಯಾಗಿದೆಯೇ ಎಂದು ಕೇಳಬೇಕಾದ ವೇದಿಕೆ ಅದು. ಪಹಣಿಯ ತಪ್ಪನ್ನು ತಹಶೀಲ್ದಾರರ ಕಚೇರಿಯಲ್ಲಿ ಸರಿಪಡಿಸಬೇಕೇ ಹೊರತು ಮತದಾರರ ಪಟ್ಟಿಯಲ್ಲಿ ಅಲ್ಲ. ಒಂದು ವಾಕ್ಯದಿಂದ ಜಮೀನಿನ ಪ್ರಶ್ನೆ ಧರ್ಮದ ಪ್ರಶ್ನೆಯಾಯಿತು; ರೈತ ಸುದ್ದಿಯಿಂದ ಮರೆಯಾದ.

ಮತದ ಹಕ್ಕಿನ ಬಗ್ಗೆ ಮಾತನಾಡುವಾಗ ನಮ್ಮದೇ ಸಂಸ್ಥಾನದ ಚರಿತ್ರೆಯನ್ನು ಮರೆಯಲಾಗದು. 1917ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಳಿಯಲ್ಲಿ ಒಕ್ಕಲಿಗರು, ಲಿಂಗಾಯತರು ಮತ್ತು ಮುಸ್ಲಿಮರು ಒಟ್ಟಾಗಿ ನಿಂತು ಸರ್ಕಾರಿ ಹುದ್ದೆಗಳಲ್ಲಿ ತಮ್ಮ ಪಾಲನ್ನು ಕೇಳಿದರು. ಮರುವರ್ಷ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿಯನ್ನು ನೇಮಿಸಿದ್ದು ಆ ಒತ್ತಾಯದ ಹಿನ್ನೆಲೆಯಲ್ಲೇ. ಆಸ್ತಿ, ವಿದ್ಯೆ, ಜಾತಿ, ಧರ್ಮ ಯಾವುದನ್ನೂ ನೋಡದೆ ವಯಸ್ಕರೆಲ್ಲರಿಗೂ ಮತ ನೀಡಿದ ಸಂವಿಧಾನದ 326ನೇ ವಿಧಿಯಿಂದ ನಾಡಿನ ಬೇಸಾಯಗಾರ ಸಮುದಾಯಗಳು ಪಡೆದ ರಾಜಕೀಯ ಬಲ ಎಷ್ಟೆಂಬುದು ಯಾರಿಗೂ ತಿಳಿಯದ್ದಲ್ಲ. ಒಬ್ಬರ ಹಕ್ಕು ಇನ್ನೊಬ್ಬರ ಕೃಪೆಯ ಮೇಲೆ ನಿಂತಿದೆಯೆಂದು ಒಮ್ಮೆ ಒಪ್ಪಿಕೊಂಡರೆ, ಯಾರ ಹಕ್ಕೂ ಭದ್ರವಲ್ಲ.

ಅರ್ಥಶಾಸ್ತ್ರದಲ್ಲಿ 'ಬಾಹ್ಯ ವೆಚ್ಚ' ಎಂಬ ಪರಿಕಲ್ಪನೆಯುಂಟು. ಹೊಗೆ ಉಗುಳುವುದು ಕಾರ್ಖಾನೆ; ಕೆಮ್ಮುವವರು ನೆರೆಹೊರೆಯವರು. ಪೀಠದಿಂದ ಬರುವ ಮಾತಿಗೂ ಇಂಥದೇ ವೆಚ್ಚವಿದೆ. ಕೃಷ್ಣರಾಜಪುರದ ಸಂತೆಗೆ ಹೊಸಕೋಟೆಯ ಕಡೆಯಿಂದ ಸೊಪ್ಪು ತರಕಾರಿ ತರುವ ರೈತನಿಗೂ ಅದನ್ನು ಕೊಂಡು ತಳ್ಳುಗಾಡಿಯಲ್ಲಿ ಮಾರುವ ಮುಸ್ಲಿಂ ವ್ಯಾಪಾರಿಗೂ ನಡುವೆ ಇರುವುದು ಬಾಯಿಮಾತಿನ ಲೆಕ್ಕ. ಬೆಳಗಿನ ಸಾಲ ಸಂಜೆಗೆ ತೀರುತ್ತದೆ. ಈ ನಂಬಿಕೆ ಕದಡಿದರೆ ಇಬ್ಬರ ಒಲೆಯೂ ಆರುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಎಚ್ಚರಿಸಿದ್ದು ಇದನ್ನೇ.

ನೊಂದವರ ಪ್ರತಿಕ್ರಿಯೆಗೂ ಇದೇ ಅಳತೆಗೋಲು ಅನ್ವಯಿಸಬೇಕು. 2020ರ ಆಗಸ್ಟ್ 11ರ ರಾತ್ರಿ ಒಂದು ಫೇಸ್‌ಬುಕ್ ಬರಹದ ನೆಪದಲ್ಲಿ ಕಾವಲ್ ಬೈರಸಂದ್ರದಲ್ಲಿ ಶಾಸಕರ ಮನೆಗೆ ಬೆಂಕಿ ಬಿತ್ತು; ದೇವರ ಜೀವನಹಳ್ಳಿ ಠಾಣೆಯ ಮೇಲೆ ದಾಳಿಯಾಯಿತು; ಪೊಲೀಸರ ಗುಂಡಿಗೆ ಮೂವರು ಬಲಿಯಾದರು. ಬರೆದವನ ಮೇಲೆ ಕಾನೂನು ಕ್ರಮಕ್ಕೆ ದಾರಿಯಿತ್ತು. ಬೆಂಕಿಯಿಂದ ಯಾರ ಗೌರವವೂ ಹೆಚ್ಚಲಿಲ್ಲ. ಅದೇ ರಾತ್ರಿ ಮುಸ್ಲಿಂ ಯುವಕರು ಕೈ ಕೈ ಹಿಡಿದು ಹನುಮಂತನ ಗುಡಿಯೊಂದಕ್ಕೆ ಕಾವಲು ನಿಂತದ್ದನ್ನೂ ನಗರ ಕಂಡಿತು. ಆ ಸಮುದಾಯದ ನಿಜವಾದ ಉತ್ತರ ಅದಾಗಿತ್ತು.

ಉತ್ತರ ಹೇಗಿರಬೇಕೆಂಬುದಕ್ಕೆ ಹೊರಗಿನ ನಿದರ್ಶನವೂ ಇದೆ. 2006ರ ಸೆಪ್ಟೆಂಬರ್ 12ರಂದು ಜರ್ಮನಿಯ ರೇಗನ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಪೋಪ್ 16ನೇ ಬೆನೆಡಿಕ್ಟ್ ಇಸ್ಲಾಂ ಕುರಿತು ಬೈಜಾಂಟಿಯಂನ ಚಕ್ರವರ್ತಿಯೊಬ್ಬ ಆಡಿದ್ದ ಕಟುಮಾತನ್ನು ಉಲ್ಲೇಖಿಸಿದರು. ಹಲವು ದೇಶಗಳಲ್ಲಿ ಪ್ರತಿಭಟನೆ ಭುಗಿಲೆದ್ದಿತು. ಪ್ಯಾಲೆಸ್ಟೀನಿನಲ್ಲಿ ಚರ್ಚುಗಳ ಮೇಲೆ ದಾಳಿಗಳಾದವು. ಐದೇ ದಿನಗಳಲ್ಲಿ ಪೋಪ್ ವಿಷಾದ ಸೂಚಿಸಿದರು. ಅಕ್ಟೋಬರ್‌ನಲ್ಲಿ 38 ಮುಸ್ಲಿಂ ವಿದ್ವಾಂಸರು ಅವರ ವಾದಕ್ಕೆ ಬಹಿರಂಗ ಪತ್ರದ ಮೂಲಕ ಸಮಾಧಾನದಿಂದ ಉತ್ತರಿಸಿದರು. ನವೆಂಬರ್‌ನಲ್ಲಿ ಪೋಪ್ ಇಸ್ತಾಂಬುಲ್‌ನ ನೀಲಿ ಮಸೀದಿಗೆ ಹೋದರು. ಮುಂದಿನ ವರ್ಷ 138 ವಿದ್ವಾಂಸರ ಇನ್ನೊಂದು ಪತ್ರ ಬಂತು. 2008ರಲ್ಲಿ ಉಭಯ ಧರ್ಮಗಳ ಪ್ರತಿನಿಧಿಗಳು ರೋಮ್‌ನಲ್ಲಿ ಒಟ್ಟಿಗೆ ಕುಳಿತರು. ಕಲ್ಲು ಮಾಡಲಾಗದ್ದನ್ನು ಕಾಗದ ಮಾಡಿತು.

ಕಾನೂನಿನ ಪಾತ್ರವನ್ನು ಅಲ್ಲಗಳೆಯುವಂತಿಲ್ಲ. ಧಾರ್ಮಿಕ ಭಾವನೆಗಳಿಗೆ ಧಕ್ಕೆ ತರುವುದನ್ನು ಅಪರಾಧವಾಗಿಸಿದ ಕಲಂ 1927ರಷ್ಟು ಹಳೆಯದು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂ. ಉದ್ದೇಶಪೂರ್ವಕವಾಗಿ, ದುರುದ್ದೇಶದಿಂದ ಮಾಡಿದ ಅವಮಾನಕ್ಕಷ್ಟೇ ಅದು ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 1957ರಲ್ಲೇ ಹೇಳಿದೆ. ದ್ವೇಷ ಭಾಷಣ ಮಾಡಿದವರ ಧರ್ಮ ನೋಡದೆ, ದೂರಿಗೂ ಕಾಯದೆ ಪ್ರಕರಣ ದಾಖಲಿಸಬೇಕೆಂಬ ಆದೇಶವನ್ನು 2023ರ ಏಪ್ರಿಲ್‌ನಲ್ಲಿ ಅದು ಎಲ್ಲ ರಾಜ್ಯಗಳಿಗೂ ವಿಸ್ತರಿಸಿತು. ಸ್ವಾಮೀಜಿ, ಮೌಲ್ವಿ, ಪಾದ್ರಿ ಎಲ್ಲರಿಗೂ ಒಂದೇ ಅಳತೆ ಇದ್ದರೆ ಮಾತ್ರ ಕಾನೂನಿಗೆ ಮರ್ಯಾದೆ. ವಿಷಾದ ವ್ಯಕ್ತಪಡಿಸಿದ್ದನ್ನು ಎಷ್ಟು ಪರಿಗಣಿಸಬೇಕೆಂಬುದನ್ನು ನ್ಯಾಯಾಲಯಕ್ಕೆ ಬಿಡಬೇಕೇ ಹೊರತು ಜಾತಿಯ ಸಂಖ್ಯಾಬಲಕ್ಕಲ್ಲ.

ಆದರೆ ಠಾಣೆಗೆ ಮೊದಲು ತಿದ್ದಬೇಕಾದವರು ಬೇರೆ ಇದ್ದಾರೆ. ಆಡಳಿತ ಸೇವೆಯಲ್ಲಿದ್ದಾಗ ನಾನು ಅನೇಕ ಶಾಂತಿ ಸಭೆಗಳಲ್ಲಿ ಕುಳಿತಿದ್ದೇನೆ. ಎದುರು ಪಕ್ಷದವರ ತಪ್ಪು ಎಣಿಸಿದವರಿಂದ ಯಾವ ಊರೂ ತಣ್ಣಗಾದದ್ದನ್ನು ಕಾಣೆ. ತಮ್ಮವರೇ ತಪ್ಪು ಮಾಡಿದರೆಂದು ಎದ್ದು ನಿಂತು ಹೇಳಿದ ಒಬ್ಬ ಹಿರಿಯನಿಂದ ಸಭೆಯ ಸ್ವರೂಪವೇ ಬದಲಾದದ್ದುಂಟು. ಧರ್ಮಗುರುವಿನ ಮಾತು ಎಲ್ಲೆ ಮೀರಿದಾಗ, 'ಬುದ್ಧಿ, ಇದು ಸಲ್ಲದು' ಎಂದು ಪಾದಕ್ಕೆ ನಮಸ್ಕರಿಸಿಯೇ ಹೇಳಬಲ್ಲ ಭಕ್ತರು ಬೇಕು. ಪೀಠದ ಘನತೆಯನ್ನು ಕಾಯುವವರು ಅವರೇ.