ಅರ್ಥವಾದರಷ್ಟೇ ಔಷಧ

ಕುಂಬಳೆಯಿಂದ ಒಳಗೆ, ಅಡಿಕೆ ತೋಟಗಳ ನಡುವಿನ ಒಂದು ಮನೆ. ಅದರ ಅಡುಗೆಕೋಣೆಯ ಗೋಡೆಯಲ್ಲಿ ಕೈಬರಹದ ಹಾಳೆಯೊಂದು ಅಂಟಿಕೊಂಡಿದೆ. ಮೂರು ತಿಂಗಳ ಎಲ್ಲ ದಿನಾಂಕಗಳನ್ನೂ ಸಾಲಾಗಿ ಬರೆದು, ಪ್ರತಿಯೊಂದರ ಮುಂದೆ ‘ಎರಡು’ ಅಥವಾ ‘ಒಂದು’ ಎಂದು ದಪ್ಪ ಕನ್ನಡ ಅಕ್ಷರಗಳಲ್ಲಿ ನಮೂದಿಸಲಾಗಿದೆ. ಬರೆದವಳು ಕನ್ನಡ ಮಾಧ್ಯಮ ಶಾಲೆಯ ಒಂಬತ್ತನೆಯ ತರಗತಿಯ ಬಾಲಕಿ. ಆ ಅಂಕಿಗಳು ಅವಳ ತಾಯಿ ಪ್ರತಿ ರಾತ್ರಿ ನುಂಗಬೇಕಾದ ಮಾತ್ರೆಯ ಮಿಲಿಗ್ರಾಂ ಪ್ರಮಾಣ. ಈ ಹಾಳೆ ಗೋಡೆಗೇರುವ ಮೊದಲು ಆ ಮನೆ ಒಂದು ಗಂಡಾಂತರವನ್ನು ದಾಟಬೇಕಾಯಿತು.

ತಾಯಿಗೆ ನಲವತ್ತೆರಡು ವರ್ಷ. ಅಡಿಕೆ ಸುಲಿಯುವ ಕೆಲಸ. ಗುಡ್ಡದ ಮೆಟ್ಟಿಲು ಹತ್ತುವಾಗ ಉಸಿರು ಕಟ್ಟುವುದು, ಸುಮ್ಮನೆ ಕುಳಿತಿದ್ದಾಗಲೂ ಎದೆ ಡವಡವನೆ ಹೊಡೆದುಕೊಳ್ಳುವುದು ಕೆಲವು ತಿಂಗಳಿನಿಂದ ನಡೆದಿತ್ತು. ಒಬ್ಬರು ಗ್ಯಾಸ್ ಎಂದರು, ಇನ್ನೊಬ್ಬರು ಪಿತ್ತ ಎಂದರು. ಕೊನೆಗೆ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಇಸಿಜಿ ಮತ್ತು ಎಕೋ ಪರೀಕ್ಷೆಗಳಾದ ಮೇಲೆ ಎರಡು ಸಂಗತಿಗಳು ತಿಳಿದುಬಂದವು: ಹೃದಯದ ಎಡಭಾಗದ ಮೈಟ್ರಲ್ ಕವಾಟ ಕಿರಿದಾಗಿತ್ತು; ಹೃದಯದ ಲಯ ತಪ್ಪಿತ್ತು.

ಆರೋಗ್ಯವಂತ ಹೃದಯವು ವಿಶ್ರಾಂತಿಯಲ್ಲಿ ನಿಮಿಷಕ್ಕೆ 60ರಿಂದ 100 ಬಾರಿ ಬಡಿಯುತ್ತದೆ. ಬಲ ಮೇಲ್ಕೋಣೆಯ ಒಂದು ಸಣ್ಣ ಕೇಂದ್ರದಿಂದ ಹೊರಡುವ ವಿದ್ಯುತ್ ಸಂಕೇತವು ಪ್ರತಿ ಬಡಿತಕ್ಕೂ ಅಪ್ಪಣೆ ಕೊಡುತ್ತದೆ. ಏಟ್ರಿಯಲ್ ಫಿಬ್ರಿಲೇಶನ್ ಎಂಬ ಸ್ಥಿತಿಯಲ್ಲಿ ಆ ಒಂದೇ ಅಪ್ಪಣೆಯ ಬದಲು ಮೇಲ್ಕೋಣೆಗಳ ತುಂಬ ಅಡ್ಡಾದಿಡ್ಡಿ ಸಂಕೇತಗಳು ಓಡಾಡುತ್ತವೆ. ಕೋಣೆಗಳು ಸಂಕುಚಿಸುವುದನ್ನು ಬಿಟ್ಟು ಬರಿದೆ ನಡುಗುತ್ತವೆ. ನಾಡಿ ಒಮ್ಮೆ ಬೇಗ, ಒಮ್ಮೆ ನಿಧಾನವಾಗಿ, ಯಾವ ಕ್ರಮವೂ ಇಲ್ಲದೆ ಬಡಿಯುತ್ತದೆ. ನಡುಗುವ ಕೋಣೆಯಲ್ಲಿ ರಕ್ತವು ಮುಂದೆ ಹರಿಯದೆ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮಿದುಳಿಗೆ ತಲುಪಿದರೆ ಪಾರ್ಶ್ವವಾಯು. ಈ ಲಯದೋಷ ಇರುವವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು ಐದು ಪಟ್ಟು; ಮೈಟ್ರಲ್ ಕವಾಟವೂ ಕಿರಿದಾಗಿದ್ದರೆ ಅಪಾಯ ಅದಕ್ಕಿಂತಲೂ ಬಹಳ ಹೆಚ್ಚು.

ಕವಾಟ ಕಿರಿದಾಗಲು ಕಾರಣವೇನೆಂದು ವೈದ್ಯರು ಕೇಳಿದಾಗ, ಆಕೆಗೆ ಪ್ರಾಥಮಿಕ ಶಾಲೆಯ ದಿನಗಳ ಒಂದು ಜ್ವರ ನೆನಪಾಯಿತು. ಮೊದಲು ಗಂಟಲುನೋವು, ಕೆಲವು ವಾರಗಳ ಬಳಿಕ ಮೊಣಕಾಲು ಮೊಣಕೈಗಳ ಬಾವು. ಮನೆಯವರು ಕಷಾಯ ಕೊಟ್ಟರು, ಬಾವು ಇಳಿಯಿತು, ಎಲ್ಲರೂ ಮರೆತರು. ಹೃದಯ ಮಾತ್ರ ಮರೆಯಲಿಲ್ಲ. ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನಿಂದ ಬರುವ ಗಂಟಲುಬೇನೆಯ ನಂತರ ಕೆಲವು ಮಕ್ಕಳಲ್ಲಿ ಹೀಗೆ ಸಂಧಿವಾತ ಜ್ವರ ಕಾಣಿಸಿಕೊಂಡು ಕವಾಟಗಳನ್ನು ಹಾಳುಗೆಡಹುತ್ತದೆ. ಪರಿಣಾಮ ಬಯಲಾಗುವುದು ಹಲವು ವರ್ಷಗಳ ಮೇಲೆ. ಐದರಿಂದ ಹದಿನೈದು ವರ್ಷದೊಳಗಿನ ಮಕ್ಕಳಲ್ಲಿ ಇದು ಹೆಚ್ಚು. ಗಂಟಲುನೋವಿನ ಬಳಿಕ ಸಂಧಿಗಳು ಒಂದಾದ ಮೇಲೊಂದು ಬಾತರೆ ಮಗುವನ್ನು ವೈದ್ಯರಿಗೆ ತೋರಿಸಲೇಬೇಕು. ರೋಗ ಖಚಿತವಾದ ಮಕ್ಕಳಿಗೆ ಮೂರು ಅಥವಾ ನಾಲ್ಕು ವಾರಗಳಿಗೊಮ್ಮೆ ಪೆನಿಸಿಲಿನ್ ಚುಚ್ಚುಮದ್ದನ್ನು ವರ್ಷಗಳ ಕಾಲ ತಪ್ಪದೆ ಕೊಟ್ಟರೆ ಜ್ವರ ಮರುಕಳಿಸುವುದನ್ನು ತಡೆಯಬಹುದು.

ಹೃದಯದೊಳಗೆ ಹೆಪ್ಪಿಲ್ಲವೆಂದು ಖಚಿತಪಡಿಸಿಕೊಂಡು, ತೊಡೆಯ ರಕ್ತನಾಳದ ಮೂಲಕ ಬಲೂನು ಸೇರಿಸಿ ಕವಾಟವನ್ನು ಅಗಲಗೊಳಿಸಿದರು. ನಾಲ್ಕನೆಯ ದಿನ ಆಕೆ ಮನೆಗೆ ಮರಳಿದರು. ಕೈಯಲ್ಲಿ ಇಂಗ್ಲಿಷಿನ ಮೂರು ಪುಟಗಳ ಬಿಡುಗಡೆ ಪತ್ರ, ಒಂದು ಚೀಲ ಮಾತ್ರೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಸೆನೊಕುಮರಾಲ್ ಎಂಬ ಮಾತ್ರೆಯನ್ನು ಒಂದು ದಿನ ಎರಡು ಮಿಲಿಗ್ರಾಂ, ಮರುದಿನ ಒಂದು ಮಿಲಿಗ್ರಾಂ, ಹೀಗೆ ಬದಲಿಸಿ ಬದಲಿಸಿ ತೆಗೆದುಕೊಳ್ಳಬೇಕಿತ್ತು. ಹೊರಡುವ ಗಡಿಬಿಡಿಯಲ್ಲಿ ದಾದಿಯೊಬ್ಬರು ಅದನ್ನು ಮಲಯಾಳದಲ್ಲಿ ಹೇಳಿದ್ದರು. ಪೇಟೆಯ ವ್ಯವಹಾರಕ್ಕೆ ಸಾಲುವಷ್ಟು ಮಲಯಾಳ ಬಲ್ಲ ಆಕೆ ತಲೆಯಾಡಿಸಿದ್ದರು. ಮನೆಯಲ್ಲಿ ಎರಡು ಪ್ರತ್ಯೇಕ ಮಾತ್ರೆಪಟ್ಟಿಗಳನ್ನು ಕಂಡು, ಎರಡರಿಂದಲೂ ದಿನಕ್ಕೊಂದೊಂದು ನುಂಗತೊಡಗಿದರು.

ಮೂರನೆಯ ವಾರ ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬಂತು. ತೋಳಿನಲ್ಲಿ ಪೆಟ್ಟು ತಗಲದೆಯೇ ನೀಲಿ ಮಚ್ಚೆಗಳು ಮೂಡಿದವು. ರಕ್ತ ಎಷ್ಟು ತಡವಾಗಿ ಹೆಪ್ಪುಗಟ್ಟುತ್ತದೆಂಬುದನ್ನು ಐಎನ್‌ಆರ್ ಎಂಬ ಪರೀಕ್ಷೆ ಅಂಕಿಯಲ್ಲಿ ತಿಳಿಸುತ್ತದೆ. ಇಂತಹ ರೋಗಿಗಳಲ್ಲಿ ಅದು ಎರಡರಿಂದ ಮೂರರೊಳಗೆ ಇರಬೇಕು. ಆಕೆಯದು ಆರನ್ನು ದಾಟಿತ್ತು. ಎರಡಕ್ಕಿಂತ ಇಳಿದರೆ ಹೆಪ್ಪಿನ ಭಯ, ಮೂರನ್ನು ಮೀರಿದಂತೆಲ್ಲ ರಕ್ತಸ್ರಾವದ ಭಯ. ವೈದ್ಯರು ಕೆಲವು ದಿನ ಮಾತ್ರೆ ನಿಲ್ಲಿಸಿದರು, ಆಕೆ ಉಳಿದರು.

ತಪ್ಪು ಯಾರದು? ಆ ಮನೆಯಲ್ಲಿ ಎಲ್ಲರೂ ಆಕೆಯನ್ನೇ ದೂರಿದರು. ಆಕೆಯೂ ಹಣೆಬರಹವನ್ನು ದೂರಿ ಸುಮ್ಮನಾದರು. ಕಾನೂನು ಮಾತ್ರ ಹಾಗೆ ನೋಡುವುದಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನ ಪ್ರಕಾರ, ರೋಗ ಮತ್ತು ಚಿಕಿತ್ಸೆಯ ವಿವರಗಳನ್ನು ರೋಗಿಗೆ ಗೊತ್ತಿರುವ ಭಾಷೆಯಲ್ಲಿ, ಅವರ ತಿಳಿವಳಿಕೆಯ ಮಟ್ಟಕ್ಕೆ ತಕ್ಕಂತೆ ಹೇಳಬೇಕು. ಸನ್ನದು ಸ್ವತಃ ಶಾಸನವಲ್ಲ. ಆದರೆ ಅದರ ಹಿಂದೆ ನ್ಯಾಯಾಲಯಗಳು ಒಪ್ಪಿದ ತತ್ತ್ವವಿದೆ. ಸಮೀರಾ ಕೊಹ್ಲಿ ಪ್ರಕರಣದಲ್ಲಿ, ಅರಿವಳಿಕೆಯಲ್ಲಿದ್ದ ಮಹಿಳೆಯ ಬದಲು ಆಕೆಯ ತಾಯಿಯಿಂದ ಒಪ್ಪಿಗೆ ಪಡೆದು ಶಸ್ತ್ರಚಿಕಿತ್ಸೆ ನಡೆಸಲಾಗಿತ್ತು. 2008ರಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟ್ ಅಂತಹ ಒಪ್ಪಿಗೆಯನ್ನು ಮಾನ್ಯ ಮಾಡಲಿಲ್ಲ. ಚಿಕಿತ್ಸೆಯ ಸ್ವರೂಪ, ಉದ್ದೇಶ, ಅಪಾಯ ಮತ್ತು ಪರ್ಯಾಯಗಳನ್ನು ತಿಳಿದು ರೋಗಿಯೇ ಕೊಡುವ ಒಪ್ಪಿಗೆಯಷ್ಟೇ ಒಪ್ಪಿಗೆ. ಮಗಳಿಗೋ ಗಂಡನಿಗೋ ಅರ್ಥವಾಯಿತೆಂದ ಮಾತ್ರಕ್ಕೆ ಪ್ರಾಯಪ್ರಬುದ್ಧ ರೋಗಿಗೆ ತಿಳಿಸಿದಂತಾಗುವುದಿಲ್ಲ ಎಂಬ ನ್ಯಾಯ ಇಲ್ಲಿಯೂ ಸಲ್ಲುತ್ತದೆ.

ಗೋಡೆಯ ಹಾಳೆ ಹುಟ್ಟಿದ್ದು ಇದಾದ ಮೇಲೆ. ಮೊದಲು ಮಗಳು ಬೆಸ ಸಂಖ್ಯೆಯ ದಿನಾಂಕಕ್ಕೆ ಎರಡು, ಸಮ ಸಂಖ್ಯೆಗೆ ಒಂದು ಎಂದು ನಿಯಮ ಮಾಡಿದಳು. ತಿಂಗಳು ಮುಗಿಯುವ ಹೊತ್ತಿಗೆ ಅವಳಿಗೇ ಹೊಳೆಯಿತು: 31 ಬೆಸ, ಮರುದಿನದ 1 ಕೂಡ ಬೆಸ, ಸತತ ಎರಡು ದಿನ ಹೆಚ್ಚಿನ ಪ್ರಮಾಣ ಹೊಟ್ಟೆಗೆ ಹೋದೀತು. ವಾರಗಳ ಲೆಕ್ಕ ಹಿಡಿದರೂ ಏಳು ದಿನಗಳಾದ್ದರಿಂದ ಅದೇ ತೊಡಕು. ಹಾಗಾಗಿ ಮೂರು ತಿಂಗಳ ಒಂದೊಂದೇ ದಿನಾಂಕವನ್ನು ಬರೆದಳು. ವೈದ್ಯರು ಪ್ರಮಾಣ ಬದಲಿಸಿದಂದು ಹಳೆಯ ಹಾಳೆ ಹರಿದು ಹೊಸದು ಬರುತ್ತದೆ. ಕನ್ನಡದಲ್ಲಿ ಏಳನೆಯವರೆಗೆ ಕಲಿತ, ಪಿಕಪ್ ಓಡಿಸುವ ತಂದೆಯೂ ಅದನ್ನು ಓದಬಲ್ಲರು. ಮಾತ್ರೆ ನುಂಗಿದ ಮೇಲೆ ತಾಯಿಯೇ ಪೆನ್ಸಿಲಿನಿಂದ ಗುರುತು ಹಾಕುತ್ತಾರೆ. ಗುರುತಿಲ್ಲದ ದಿನವಿದ್ದರೆ ಮರುದಿನ ಎರಡು ದಿನದ್ದನ್ನು ಒಟ್ಟಿಗೆ ನುಂಗಬಾರದು ಎಂದು ಕೆಳಗೆ ಕೆಂಪು ಶಾಯಿಯಲ್ಲಿ ಬರೆದಿದೆ.

ಊಟದ ವಿಷಯದಲ್ಲೂ ಒಂದು ತಪ್ಪು ತಿಳಿವಳಿಕೆ ಇತ್ತು. ಸೊಪ್ಪಿನಲ್ಲಿರುವ ಕೆ ಜೀವಸತ್ವವು ಈ ಮಾತ್ರೆಯ ಕೆಲಸವನ್ನು ಕುಗ್ಗಿಸುತ್ತದೆ ಎಂದು ಕೇಳಿ, ಆಕೆ ಬಸಳೆ, ಹರಿವೆ, ನುಗ್ಗೆಸೊಪ್ಪುಗಳನ್ನು ಪೂರ್ತಿ ಬಿಟ್ಟಿದ್ದರು. ಬಿಡಬೇಕಾಗಿಲ್ಲ, ವಾರವಾರವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿನ್ನಬೇಕು ಎಂದು ವೈದ್ಯರು ತಿದ್ದಿದರು. ಎಚ್ಚರ ಬೇಕಾದದ್ದು ಬೇರೆ ಕಡೆ: ಅಂಗಡಿಯಿಂದ ತಾವಾಗಿ ತರುವ ನೋವಿನ ಮಾತ್ರೆ, ಹೊಸ ಆ್ಯಂಟಿಬಯೋಟಿಕ್, ಒಳಗೇನಿದೆಯೆಂದು ತಿಳಿಯದ ಮದ್ದು. ಹಲ್ಲು ಕೀಳಿಸುವ ಮೊದಲು ದಂತವೈದ್ಯರಿಗೆ ಈ ಮಾತ್ರೆಯ ಸಂಗತಿ ಹೇಳಬೇಕು. ಅಡಿಕೆ ಸುಲಿಯುವ ಕತ್ತಿಗೆ ಬೆರಳು ತಾಗಿದರೆ ರಕ್ತ ಬೇಗ ನಿಲ್ಲದು. ಶುದ್ಧ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಅದುಮಿ ಹಿಡಿಯಬೇಕು, ಆಗಲೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಬೇಕು.

ದೇಹಕ್ಕಿಂತ ನಿಧಾನವಾಗಿ ಚೇತರಿಸಿದ್ದು ಮನಸ್ಸು. ಬಲೂನು ಚಿಕಿತ್ಸೆಯಾದರೂ ನಾಡಿ ಏರುಪೇರಾಗಿಯೇ ಇದ್ದುದರಿಂದ, ಚಿಕಿತ್ಸೆ ಸೋತಿತೆಂದು ಆಕೆ ಒಳಗೊಳಗೇ ನಂಬಿದ್ದರು. ಬಲೂನು ತೆರೆದದ್ದು ಕವಾಟವನ್ನು. ಲಯ ಸರಿಹೋಗುವ ಭರವಸೆಯನ್ನು ಅದು ಕೊಟ್ಟಿರಲಿಲ್ಲ. ಅನೇಕರಲ್ಲಿ ಈ ಲಯದೋಷ ಉಳಿದೇ ಇರುತ್ತದೆ. ವೇಗವನ್ನು ಮಾತ್ರೆಯಿಂದ ಹತೋಟಿಯಲ್ಲಿಟ್ಟು, ಹೆಪ್ಪನ್ನು ತಡೆದು, ವರ್ಷಗಟ್ಟಲೆ ಬಾಳಬಹುದು. ಈ ನಾಲ್ಕು ಮಾತು ಬಿಡುಗಡೆಯ ದಿನವೇ ತಿಳಿದಿದ್ದರೆ ಎಷ್ಟೋ ರಾತ್ರಿಗಳ ನಿದ್ದೆ ಉಳಿಯುತ್ತಿತ್ತು.

ನಿದ್ದೆಗೆಟ್ಟವರು ಆಕೆ ಒಬ್ಬರೇ ಅಲ್ಲ. ಮಣಿಕಟ್ಟಿನಲ್ಲಿ ಮೂರು ಬೆರಳಿಟ್ಟು ನಾಡಿ ಎಣಿಸಲು ಮಗಳು ಕಲಿತಿದ್ದಳು. ಲಯ ತಪ್ಪಿದ ನಾಡಿಯನ್ನು ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ, ಪೂರ್ತಿ ಒಂದು ನಿಮಿಷ ಎಣಿಸಬೇಕು ಎಂಬುದೂ ಅವಳಿಗೆ ಗೊತ್ತಿತ್ತು. ಆದರೆ ನಡುರಾತ್ರಿ ಎದ್ದೆದ್ದು ಎಣಿಸತೊಡಗಿದಳು. ತರಗತಿಯಲ್ಲಿ ತೂಕಡಿಸಿದಳು, ಪರೀಕ್ಷೆಯ ಅಂಕಗಳು ಇಳಿದವು. ವಿಚಾರಿಸಿದ ಅಧ್ಯಾಪಿಕೆಗೆ, “ನಾನು ಓದಿದ್ದು ತಪ್ಪಾದರೆ ಅಮ್ಮನಿಗೆ ಏನಾದರೂ ಆಗುತ್ತದಲ್ಲ ಟೀಚರ್” ಎಂದಳು. ಹದಿನಾಲ್ಕರ ಮಗುವಿನ ಹೆಗಲ ಮೇಲೆ ಒಂದು ಆಸ್ಪತ್ರೆಯ ಕರ್ತವ್ಯ ಕುಳಿತಿತ್ತು. ಅಧ್ಯಾಪಿಕೆ ತಂದೆಯನ್ನು ಕರೆಸಿ ಮಾತನಾಡಿದರು. ಈಗ ಬೆಳಿಗ್ಗೆ ಒಮ್ಮೆ ನಾಡಿ ಎಣಿಸುವುದು, ಐಎನ್‌ಆರ್ ಚೀಟಿಯನ್ನು ವೈದ್ಯರಿಗೆ ತೋರಿಸಿ ಹೊಸ ಪ್ರಮಾಣ ಕೇಳಿಬರುವುದು ತಂದೆಯ ಹೊಣೆ. ಅಕ್ಷರ ದುಂಡಾಗಿರುವುದರಿಂದ ಹಾಳೆ ಬರೆಯುವ ಕೆಲಸ ಮಾತ್ರ ಮಗಳಲ್ಲೇ ಉಳಿದಿದೆ.

ಗಡಿನಾಡಿನ ಮನೆಗಳಲ್ಲಿ ಮಕ್ಕಳೇ ಕಚೇರಿ ಕಾಗದಗಳ ಭಾಷಾಂತರಕಾರರಾಗುವುದು ಹೊಸದಲ್ಲ. ರೇಷನ್ ಕಾರ್ಡಿನಲ್ಲಿ ತಪ್ಪಾದರೆ ತಿದ್ದಬಹುದು. ಮಾತ್ರೆಯಲ್ಲಿ ತಪ್ಪಾದರೆ ಆ ಅವಕಾಶ ಸಿಗದೆ ಹೋಗಬಹುದು. ಆದುದರಿಂದ ಆಸ್ಪತ್ರೆಯಿಂದ ಹೊರಡುವ ಮುನ್ನ, ಯಾವ ಮಾತ್ರೆ, ಎಷ್ಟು, ಯಾವಾಗ, ಎಲ್ಲಿಯವರೆಗೆ ಎಂಬುದನ್ನು ರೋಗಿ ತನ್ನ ಬಾಯಿಂದಲೇ ತಿರುಗಿ ಹೇಳಿ ಸರಿಯೇ ಎಂದು ಕೇಳಬೇಕು. ಕನ್ನಡ ಬಲ್ಲ ಸಿಬ್ಬಂದಿಯನ್ನು ಕರೆಸಿರೆಂದು ಕೇಳಲು ಸಂಕೋಚ ಬೇಡ. ಚಿಕಿತ್ಸೆಯ ದಾಖಲೆಗಳನ್ನು ಕೋರಿದರೆ 72 ಗಂಟೆಗಳೊಳಗೆ ಕೊಡಬೇಕೆಂದು ವೈದ್ಯರ ವೃತ್ತಿನಡತೆಯ 2002ರ ನಿಯಮಾವಳಿ ಹೇಳುತ್ತದೆ. ಸರ್ಕಾರಿ ಆಸ್ಪತ್ರೆಯ ಬಗ್ಗೆ ದೂರಿದ್ದರೆ ಅದನ್ನು ಕನ್ನಡದಲ್ಲೇ ಬರೆಯಬಹುದು: ಸಂವಿಧಾನದ 350ನೆಯ ವಿಧಿ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕು ಕೊಟ್ಟಿದೆ; ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರ ಪತ್ರವ್ಯವಹಾರಕ್ಕೆ ಅವರವರ ಭಾಷೆಯನ್ನು ಮಾನ್ಯ ಮಾಡಿದೆ.

ಇನ್ನು ಕಾಯಬಾರದ ಹೊತ್ತು ಯಾವುದೆಂದು ಮನೆಯ ಎಲ್ಲರಿಗೂ ತಿಳಿದಿರಬೇಕು. ಮುಖದ ಒಂದು ಬದಿ ವಾಲುವುದು, ಒಂದು ಕೈ ಸೋಲುವುದು, ಮಾತು ತೊದಲುವುದು, ಮಲ ಕಪ್ಪಾಗುವುದು, ತಲೆಗೆ ಪೆಟ್ಟಾಗುವುದು, ಎದೆ ಹೊಡೆದುಕೊಂಡು ಪ್ರಜ್ಞೆ ತಪ್ಪುವುದು: ಇವುಗಳಲ್ಲಿ ಒಂದು ಕಂಡರೂ ಗಡಿಯಾರ ನೋಡಿ ವೇಳೆ ಗುರುತಿಸಿ 108ಕ್ಕೆ ಕರೆ ಮಾಡಬೇಕು.

ಮೊನ್ನೆಯ ಪರೀಕ್ಷೆಯಲ್ಲಿ ಆ ತಾಯಿಯ ಐಎನ್‌ಆರ್ ಎರಡೂವರೆ. ನಾಡಿ ಈಗಲೂ ಏರುಪೇರಾಗಿಯೇ ಬಡಿಯುತ್ತದೆ. ಅದೇಕೆಂದು ಈಗ ಆಕೆಗೆ ಗೊತ್ತು. ಗುಡ್ಡದ ಮೆಟ್ಟಿಲನ್ನು ನಡುವೆ ಒಮ್ಮೆ ನಿಂತು ಹತ್ತುತ್ತಾರೆ. ರಾತ್ರಿ ಮಾತ್ರೆ ನುಂಗಿ ಹಾಳೆಯಲ್ಲಿ ಗುರುತು ಹಾಕುವ ಹೊತ್ತಿಗೆ ಮಗಳು ಮಲಗಿರುತ್ತಾಳೆ.