ನಿಮ್ಮ ಮರ, ನಮ್ಮ ಕಸ!

ಹೋದ ಭಾನುವಾರ ನಮ್ಮ ಬೀದಿಯಲ್ಲಿ ಮತ್ತೆ ಜಗಳ. ವಿಷಯ ಹಳೆಯದೇ. ಒಬ್ಬರ ಮನೆಯ ಮಾವಿನ ಕೊಂಬೆ ಪಕ್ಕದವರ ಟೆರೇಸಿನ ಮೇಲೆ ಬಂದಿದೆ. "ಉಂಗ ಮರಂ, ಎಂಗ ಕುಪ್ಪೈ" (ನಿಮ್ಮ ಮರ, ನಮ್ಮ ಕಸ) ಅಂತ ಇವರು. "ಕೊಂಬೆ ಮುಟ್ಟಿ ನೋಡಿ, ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ" ಅಂತ ಅವರು. ಇಬ್ಬರೂ ಓದಿದವರೇ, ಒಬ್ಬರಂತೂ ನಿವೃತ್ತ ಇಂಜಿನಿಯರು. ಬ್ಯಾಂಕ್ ಆಫೀಸರ್ ಅಂದ್ರೆ ನ್ಯಾಯ ಗೊತ್ತಿರುತ್ತೆ ಅಂತ ನನ್ನನ್ನೂ ಪಂಚಾಯ್ತಿಗೆ ಕರೆದರು. ನಾನು ಹೋಗಲಿಲ್ಲ. ಯಾಕೆ ಅಂತ ಮುಂದೆ ಹೇಳ್ತೀನಿ.

ಮೊದಲು ಕಾನೂನು. ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1894ರಲ್ಲಿ ಲೆಮನ್ ವರ್ಸಸ್ ವೆಬ್ ಅನ್ನುವ ಕೇಸಿನಲ್ಲಿ ಒಂದು ತೀರ್ಪು ಕೊಟ್ಟಿತು. ಪಕ್ಕದವರ ಮರದ ಕೊಂಬೆ ನಿಮ್ಮ ಜಾಗಕ್ಕೆ ಚಾಚಿದರೆ, ನಿಮ್ಮ ಜಾಗದಲ್ಲೇ ನಿಂತು, ಗಡಿಯವರೆಗೆ ಕತ್ತರಿಸಬಹುದು. ಹೇಳಿಕೇಳಿ ಮಾಡಬೇಕು ಅಂತಲೂ ಇಲ್ಲ. ಆದರೆ ಕತ್ತರಿಸಿದ ಕೊಂಬೆಯಲ್ಲಿದ್ದ ಹಣ್ಣು ಮಾತ್ರ ಮರದ ಯಜಮಾನರದ್ದು ಅಂತ 1919ರ ಇನ್ನೊಂದು ಕೇಸು ಹೇಳುತ್ತೆ. ನಮ್ಮ ಕೋರ್ಟುಗಳೂ ಹೆಚ್ಚುಕಡಿಮೆ ಅದೇ ದಾರಿ ಹಿಡಿದಿವೆ. ಬೆಂಗಳೂರಿನಲ್ಲಾದರೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಸ್ವಂತ ಜಾಗದ ಮರ ಉರುಳಿಸುವುದಕ್ಕೂ ವೃಕ್ಷ ಅಧಿಕಾರಿಯ ಹತ್ತಿರ ಹೋಗಬೇಕು. ಅಲ್ಲಿಗೆ "ನನ್ನ ಜಾಗ, ನನ್ನ ಮರ" ಅನ್ನುವ ಮಾತೇ ಅರ್ಧ ಸುಳ್ಳು ಅಂತಾಯ್ತು.

ಇನ್ನು ನನ್ನ ಕಸುಬಿನ ಲೆಕ್ಕ. ಚೆನ್ನೈನಲ್ಲಿ ನೆಲ ಅಳೆಯೋದು ಗ್ರೌಂಡಿನ ಲೆಕ್ಕದಲ್ಲಿ. ಒಂದು ಗ್ರೌಂಡ್ ಅಂದ್ರೆ 2400 ಚದರಡಿ. ನಮ್ಮಂಥವರು ಸಾಲ ಮಾಡಿ ಕೊಳ್ಳೋದು ಅರ್ಧ ಗ್ರೌಂಡ್, ಅಂದ್ರೆ 30 ಅಡಿಗೆ 40 ಅಡಿ. ಮನೆ ಕಟ್ಟಿ ಉಳಿದ ಪಟ್ಟಿಯಲ್ಲಿ, ಗೋಡೆಯಿಂದ ಮೂರಡಿ ದೂರಕ್ಕೆ ಒಂದು ಮಾವಿನ ಗಿಡ ನೆಟ್ಟಿರಿ ಅನ್ನಿ. ಬೆಳೆದ ಮಾವಿನ ಮರ ಮೂವತ್ತಡಿ ಹರಡೋದು ಏನೂ ದೊಡ್ಡದಲ್ಲ, ಅಂದ್ರೆ ಒಂದೊಂದು ಕಡೆಗೆ ಹದಿನೈದು ಅಡಿ. ಹದಿನೈದರಲ್ಲಿ ಮೂರು ಕಳೆಯಿರಿ. ಹನ್ನೆರಡು ಅಡಿ ಮರ ಪಕ್ಕದವರ ಆಕಾಶದಲ್ಲೇ ಇರುತ್ತೆ! ಅರ್ಧ ಗ್ರೌಂಡಿನಲ್ಲಿ "ನನ್ನೊಬ್ಬನ ಮರ" ಅನ್ನೋದು ಸಾಧ್ಯವೇ ಇಲ್ಲ ಸ್ವಾಮಿ. ಪಟ್ಟಾ ಯಾರ ಹೆಸರಲ್ಲೇ ಇರಲಿ, ಅದು ಜಾಯಿಂಟ್ ಅಕೌಂಟು.

ಹಾಗಾದ್ರೆ ತಪ್ಪು ಯಾರದ್ದು? ಇಬ್ಬರದ್ದೂ.

ಮರದ ಯಜಮಾನರೇ, ಮೊದಲು ನೀವು ಕೇಳಿ. ಗೋಡೆಗೆ ಒಂದಡಿ ದೂರದಲ್ಲಿ ತೆಂಗು ನೆಡ್ತೀರಿ. ಕಾಯಿ ಇಳಿಸೋರು ಸಿಗೋಲ್ಲ ಅಂತ ವರ್ಷಗಟ್ಟಲೆ ಹಾಗೇ ಬಿಡ್ತೀರಿ. (ಮರ ಹತ್ತುವವರ ಬರ ಎಷ್ಟಿದೆ ಅಂದ್ರೆ ತೆಂಗು ಅಭಿವೃದ್ಧಿ ಮಂಡಳಿಯೇ 2011ರಲ್ಲಿ ಮರ ಹತ್ತುವ ತರಬೇತಿ ಶುರು ಮಾಡಬೇಕಾಯ್ತು.) ಒಣಗರಿ ಪಕ್ಕದವರ ಸ್ಕೂಟರ್ ಮೇಲೆ ಬಿದ್ದರೆ "ಗಾಳಿ ಸಾರ್, ನಾನೇನು ಮಾಡ್ಲಿ" ಅಂತೀರಿ. ಎಳನೀರು ನಿಮಗೆ, ಗರಿ ಅವರಿಗೆ. ಇಂಥ ಪಾಲುದಾರಿಕೆಗೆ ಯಾವ ಬ್ಯಾಂಕೂ ಸಾಲ ಕೊಡೋಲ್ಲ.

ಇನ್ನು ಕತ್ತರಿಸುವವರು. ಎಲೆ ಬಿದ್ದರೆ ಕಸ ಅಂತೀರಿ. ಮೇ ತಿಂಗಳ ಅಗ್ನಿ ನಕ್ಷತ್ರದಲ್ಲಿ ಕಾರು ನಿಲ್ಲಿಸೋದು ಅದೇ ಮರದ ನೆರಳಲ್ಲಿ. ಕೆಲವರಂತೂ ರಾತ್ರೋರಾತ್ರಿ ಬುಡಕ್ಕೆ ಆಸಿಡ್ ಸುರಿಯುತ್ತಾರೆ. ಎದುರಿಗೆ ನಿಂತು ಜಗಳ ಆಡುವ ಧೈರ್ಯ ಇಲ್ಲ, ಬಾಯಿಲ್ಲದ ಮರದ ಮೇಲೆ ಶೌರ್ಯ! ಮುಲ್ಲೆ ಬಳ್ಳಿ ಹಬ್ಬಲಿ ಅಂತ ತನ್ನ ರಥವನ್ನೇ ಬಿಟ್ಟುಕೊಟ್ಟ ಪಾರಿಯ ಕಥೆಯನ್ನು ಇಲ್ಲಿನ ಮಕ್ಕಳು ಶಾಲೆಯಲ್ಲಿ ಓದ್ತಾರೆ. ಮನೆಗೆ ಬಂದರೆ ಅಪ್ಪ ಆಸಿಡ್ ಬಾಟಲಿ ಹಿಡಿದು ನಿಂತಿರ್ತಾನೆ.

ಇಷ್ಟೆಲ್ಲ ಮಾತಾಡುವ ನಾನು ಏನು ಮಾಡಿದೆ? ಅದನ್ನೂ ಹೇಳಿಬಿಡ್ತೀನಿ.

ನಮ್ಮ ಮನೆಯ ಪಕ್ಕದಲ್ಲಿ ಒಬ್ಬ ವಯಸ್ಸಾದ ಮಾಮಿ ಇದ್ದರು. ಅವರ ಹಿತ್ತಲಲ್ಲಿ ಬೇವಿನ ಮರ, ನಮ್ಮಿಬ್ಬರ ಮನೆಗಿಂತಲೂ ಹಳೆಯದು. ಪ್ರತಿ ಯುಗಾದಿಗೆ ಮಾಮಿ ಗೋಡೆಯ ಮೇಲಿಂದ ಬೇವಿನ ಹೂವಿನ ತಟ್ಟೆ ಕೊಡೋರು. ನಮಗಾದ ಮೇಲೆ ಅವರ ತಮಿಳು ವರ್ಷಕ್ಕೂ ಅದೇ ಮರದ ಹೂವು. ಆದರೆ ಫೆಬ್ರವರಿ ಬಂತು ಅಂದ್ರೆ ಎಲೆ ಉದುರಿ ನಮ್ಮ ಟೆರೇಸಿನ ಮಳೆನೀರು ಪೈಪು ಕಟ್ಟಿಕೊಳ್ಳೋದು. (2003ರಿಂದ ಇಲ್ಲಿ ಮನೆಮನೆಗೂ ಮಳೆಕೊಯ್ಲು ಕಡ್ಡಾಯ ಆಗಿದೆಯಲ್ಲ, ಅದೇ ಪೈಪು.) ಆಮೇಲೆ ಸಂಪು ಸೋರೋಕೆ ಶುರುವಾಯ್ತು. ಬೇರೇ ಕಾರಣ ಅಂತ ನಾನೇ ತೀರ್ಮಾನ ಮಾಡಿದೆ. 2015ರಲ್ಲಿ ಆಳು ಕರೆಸಿ ಗೋಡೆಯುದ್ದಕ್ಕೂ ಕಂದಕ ತೋಡಿಸಿ ನನ್ನ ಕಡೆಗೆ ಬಂದಿದ್ದ ಬೇರನ್ನೆಲ್ಲ ಕಡಿಸಿದೆ. ಕೊಂಬೆಗಳನ್ನೂ ಗಡಿಗೆ ಸರಿಯಾಗಿ ಕತ್ತರಿಸಿದೆ. ಮಾಮಿ ಗೋಡೆ ಹತ್ತಿರ ಬಂದು ಕೇಳಿದ್ದು ಒಂದೇ ಮಾತು, "ಒಂದು ಪಕ್ಕ ಪೂರ್ತಿ ಕಡಿದರೆ ಮರ ಹೇಗಪ್ಪಾ ನಿಲ್ಲುತ್ತೆ?" ನಾನು ಕಾನೂನು ಹೇಳಿದೆ. ಹೌದು, ಇದೇ ಲೆಮನ್ ಮತ್ತು ವೆಬ್.

2016ರ ಡಿಸೆಂಬರ್ 12ಕ್ಕೆ ವಾರ್ದಾ ಚಂಡಮಾರುತ ಬಂತು. ಮಧ್ಯಾಹ್ನ ಚಂಡಮಾರುತದ ಕಣ್ಣು ಊರಿನ ಮೇಲೆ ಹಾದಾಗ ಗಾಳಿ ನಿಂತಿತು. ಮುಗೀತು ಅಂದುಕೊಂಡೆವು. ಆಮೇಲೆ ಗಾಳಿ ದಿಕ್ಕು ಬದಲಿಸಿ ಬೀಸಿತು ನೋಡಿ! ಆ ಬೇವು ಬುಡಸಮೇತ ಕಿತ್ತು ಮಾಮಿಯ ಅಡುಗೆಮನೆಯ ಮೇಲೆ ಬಿತ್ತು. ಪುಣ್ಯಕ್ಕೆ ಅವರು ಮುಂದಿನ ಕೋಣೆಯಲ್ಲಿದ್ದರು.

ಆ ದಿನ ಚೆನ್ನೈನಲ್ಲಿ ಸಾವಿರಾರು ಮರ ಬಿದ್ದವು, ಯಾರೂ ಬೇರು ಕಡಿಯದ ಮರಗಳೂ ಬಿದ್ದವು. ಹಾಗಂತ ನಾನೂ ಸಮಾಧಾನ ಮಾಡಿಕೊಳ್ಳಬಹುದು. ಆದರೆ ಮರ ಬಿದ್ದದ್ದು ನಾನು ಬೇರು ಉಳಿಸಿದ್ದ ಕಡೆಗೆ, ಭಾರವೆಲ್ಲ ಉಳಿದಿದ್ದ ಕಡೆಗೆ. ಮೇಲೆದ್ದು ನಿಂತಿದ್ದ ಬುಡದಲ್ಲಿ ನನ್ನ ಆಳಿನ ಕೊಡಲಿಯ ಗುರುತು ನೀಟಾಗಿ ಕಾಣ್ತಿತ್ತು. ಮಾಮಿ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಅವರು ಮನೆ ಮಾರಿ ಮಗಳ ಊರಿಗೆ ಹೋದರು. ಅಲ್ಲೀಗ ಮೂರು ಮಹಡಿಯ ಫ್ಲ್ಯಾಟು. ಎಲೆ ಉದುರೋಲ್ಲ, ನಿಜ. ಆರು ಏಸಿಗಳ ಬಿಸಿಗಾಳಿ ನಮ್ಮ ಕಿಟಕಿಗೆ ಬರುತ್ತೆ, ಅದನ್ನು ಕತ್ತರಿಸುವ ಕಾನೂನು ಇಲ್ಲ. ಯುಗಾದಿಗೆ ಬೇವಿನ ಹೂವು ದುಡ್ಡು ಕೊಟ್ಟು ತರ್ತೀನಿ. ಸಂಪು ಈಗಲೂ ಸೋರುತ್ತೆ.

ನಮ್ಮೂರು ಸಾಗರದ ಹತ್ತಿರ. ಅಲ್ಲಿ ಎಲ್ಲರೂ ದೇವರಂಥವರು ಅಂತ ನಾನು ಹೇಳೋಲ್ಲ, ಅಗಳು ಒತ್ತಿದರು ಅಂತ ಕೋರ್ಟಿಗೆ ಅಲೆದ ಅಣ್ಣತಮ್ಮಂದಿರನ್ನು ನೋಡಿದ್ದೇನೆ. ಆದರೆ ಬೇಲಿಯ ಮೇಲಿನ ಹಲಸಿಗೆ ನಮ್ಮಪ್ಪನ ಕಾಲದಲ್ಲಿ ಒಂದು ಲೆಕ್ಕ ಇತ್ತು. ಆಚೆ ಬಿದ್ದದ್ದು ಆಚೆಯವರಿಗೆ, ಹಣ್ಣೂ ಅವರದ್ದೇ, ತರಗೆಲೆಯೂ ಅವರದ್ದೇ. ಕೊಂಬೆ ಸವರಬೇಕಾದರೆ ಒಂದು ಮಾತು ಕೇಳಬೇಕು. ಅಷ್ಟೆ.

ಅದನ್ನು ಇಲ್ಲೂ ಮಾಡಬಹುದಲ್ಲ? ಅಕ್ಟೋಬರಿನಲ್ಲಿ ಹಿಂಗಾರು ಹಿಡಿಯುವ ಮೊದಲು, ಸೆಪ್ಟೆಂಬರಿನಲ್ಲೇ ಇಬ್ಬರೂ ಅರ್ಧರ್ಧ ಖರ್ಚು ಹಾಕಿ, ಕೆಲಸ ಬಲ್ಲವರಿಂದ ಎರಡೂ ಕಡೆ ಸಮವಾಗಿ ಸವರಿಸಿ. ಹಣ್ಣು ಹಂಚಿಕೊಳ್ಳಿ, ಕಸವನ್ನೂ ಹಂಚಿಕೊಳ್ಳಿ. ಮರ ಪೊಳ್ಳಾಗಿದ್ದರೆ, ವಾಲಿದ್ದರೆ, ಅನುಮತಿ ಪಡೆದು ಕಡಿಯಿರಿ, ನಾನೇನೂ ವೃಕ್ಷಭಕ್ತ ಅಲ್ಲ. ಆದರೆ ಕೊಡಲಿ ತರಿಸುವ ಮೊದಲು ಗೋಡೆ ಹತ್ತಿರ ಹೋಗಿ ಒಂದು ಸಲ ಮಾತಾಡಿ. ಕಾನೂನು ಅದನ್ನು ಕೇಳೋಲ್ಲ ಅನ್ನೋದೇ ಅದರ ದೊಡ್ಡ ಕೊರತೆ.

ಆ ಪಂಚಾಯ್ತಿಗೆ ನಾನು ಹೋಗಲಿಲ್ಲ ಅಂದೆನಲ್ಲ, ಕಾರಣ ಗೊತ್ತಾಯ್ತು ತಾನೆ? ಯಾವ ಮುಖ ಇಟ್ಟುಕೊಂಡು ಹೋಗಲಿ? ಆದರೆ ಇದನ್ನು ಬರೆದ ಮೇಲೆ ಅನ್ನಿಸ್ತಿದೆ, ಹೋಗಬೇಕಿತ್ತು. ಬರುವ ಭಾನುವಾರ ಹೋಗ್ತೀನಿ. ಕಾನೂನು ಹೇಳೋಕಲ್ಲ, ಈ ಬೇವಿನ ಕಥೆ ಹೇಳೋಕೆ.