ಮನೆಯೊಳಗಿನ ಅತಿಭಾರಾರೋಪಣ

ಗೃಹಸ್ಥನ ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಐದು ಅತಿಚಾರಗಳನ್ನು ಹೇಳುತ್ತದೆ. ಅವುಗಳಲ್ಲಿ ಛೇದವೆಂಬುದು ಒಂದು. ಜೀವಿಯ ಅಂಗವನ್ನು ಕತ್ತರಿಸುವುದೆಂದು ಅದರ ಅರ್ಥ. ಅತಿಭಾರಾರೋಪಣವೆಂಬುದು ಇನ್ನೊಂದು, ನ್ಯಾಯಕ್ಕೆ ಮೀರಿದ ಹೊರೆಯನ್ನು ಮತ್ತೊಂದು ಜೀವಿಯ ಮೇಲೆ ಹೇರುವುದು. ಪುರುಷರ ಸಂತಾನಹರಣ ಶಸ್ತ್ರಚಿಕಿತ್ಸೆಯ ಮಾತು ಬಂದಾಗ ಸಮಾಜದ ಕೆಲವು ಹಿರಿಯರು ಮೊದಲನೆಯದನ್ನು ತಪ್ಪದೆ ಎತ್ತಿ ಹೇಳುತ್ತಾರೆ. ಎರಡನೆಯದು ಅವರ ನೆನಪಿಗೆ ಬರುವುದಿಲ್ಲ. ಅದೇ ಮನೆಯ ಸೊಸೆಯನ್ನು ಅದೇ ಕಾರ್ಯಕ್ಕಾಗಿ ಆಸ್ಪತ್ರೆಗೆ ಕರೆದೊಯ್ಯುವಾಗ ಛೇದವೂ ನೆನಪಾಗುವುದಿಲ್ಲವೆಂಬುದು ಇನ್ನಷ್ಟು ವಿಚಿತ್ರ.

ಇದು ಉತ್ಪ್ರೇಕ್ಷೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ವಿವಾಹಿತ ಸ್ತ್ರೀಯರಲ್ಲಿ ಶೇಕಡ 57.4 ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡನೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿರುವ ದಂಪತಿಗಳ ಪ್ರಮಾಣವನ್ನು ಅದೇ ಸಮೀಕ್ಷೆಯು ಶೇಕಡ 0.0 ಎಂದು ದಾಖಲಿಸಿದೆ. ದಶಮಾಂಶದ ಆಚೆಗೂ ಸೊನ್ನೆಯೇ! ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ಸರ್ಕಾರದ ವತಿಯಿಂದಲೇ ತೆರೆಯಲು 1930ರಷ್ಟು ಹಿಂದೆಯೇ ಆಜ್ಞೆ ಹೊರಡಿಸಿದ ಮೈಸೂರು ಸಂಸ್ಥಾನದ ನಾಡಿನ ಲೆಕ್ಕ ಇದು. ಕಳ್ಳಂಬೆಳ್ಳದ ಹಳ್ಳಿಗಳಿರಲಿ, ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಪೇಟೆಗಳಿರಲಿ, ಎರಡನೆಯ ಮಗುವಾದ ಮೇಲೆ ಮನೆಯಲ್ಲಿ ನಡೆಯುವ ಮಾತುಕತೆ "ಅವಳಿಗೆ ಆಪರೇಷನ್ ಯಾವಾಗ?" ಎಂಬಲ್ಲಿಂದಲೇ ಆರಂಭವಾಗುತ್ತದೆ. "ಯಾರಿಗೆ?" ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ.

ಜೈನ ಸಮಾಜಕ್ಕೆ ಇದು ಸಂಬಂಧಪಡದ ವಿಷಯವೆಂದು ಹೇಳುವಂತಿಲ್ಲ. ಅದೇ ಸಮೀಕ್ಷೆಯಲ್ಲಿ ದೇಶದ ಜೈನ ಸ್ತ್ರೀಯರ ಸರಾಸರಿ ಸಂತಾನ 1.6. ಸಂಖ್ಯೆ ಕ್ಷೀಣಿಸುತ್ತಿದೆ, ಮೂರನೆಯ ಮಗು ಬೇಕು ಎಂದು ವೇದಿಕೆಗಳಿಂದ ಕರೆ ಕೊಡುವವರಿದ್ದಾರೆ. ಆ ಚರ್ಚೆ ಬೇರೆ. ಮನೆಗಳು ಒಂದಕ್ಕೋ ಎರಡಕ್ಕೋ ನಿಲ್ಲಿಸಿರುವುದಂತೂ ಸತ್ಯ. ನಿಲ್ಲಿಸಿದ ಮೇಲೆ ಮೇಜಿನ ಮೇಲೆ ಮಲಗುವವರು ಯಾರು ಎಂಬುದಷ್ಟೇ ಇಲ್ಲಿಯ ಪ್ರಶ್ನೆ.

ವಿರೋಧಿಸುವವರ ಧಾರ್ಮಿಕ ಆಕ್ಷೇಪಗಳಲ್ಲಿ ಗಂಭೀರವಾದುದು ಬ್ರಹ್ಮಚರ್ಯಕ್ಕೆ ಸಂಬಂಧಿಸಿದ್ದು. ಶ್ರಾವಕನು ಸ್ವದಾರಸಂತೋಷಿಯಾಗಿ, ಕ್ರಮೇಣ ಸಂಯಮವನ್ನು ಬೆಳೆಸಿಕೊಳ್ಳಬೇಕು. ಗರ್ಭದ ಭಯವೇ ಇಲ್ಲದಂತೆ ಮಾಡಿಕೊಂಡರೆ ಕಾಮದ ತೀವ್ರತೆಗೆ ದಾರಿ ತೆರೆದಂತಾಗುತ್ತದೆ ಎಂಬುದು ಈ ವಾದ. ಸಂಯಮವೇ ಶ್ರೇಷ್ಠವೆಂಬುದು ನಿರ್ವಿವಾದ. ಅದನ್ನು ಪಾಲಿಸಬಲ್ಲ ದಂಪತಿಗಳಿಗೆ ಯಾವ ಶಸ್ತ್ರದ ಅವಶ್ಯಕತೆಯೂ ಇಲ್ಲ. ಆದರೆ ಹೆಂಡತಿಯ ಗರ್ಭನಾಳವನ್ನು ಕಟ್ಟಿಸಿದ ಗಂಡನಿಗೂ ಗರ್ಭದ ಭಯ ಅಷ್ಟೇ ಪೂರ್ಣವಾಗಿ ತೊಲಗಿರುತ್ತದೆಯಲ್ಲವೆ? ಅಲ್ಲಿ ಕೆಡದ ಬ್ರಹ್ಮಚರ್ಯಾಣುವ್ರತವು ಇಲ್ಲಿ ಮಾತ್ರ ಹೇಗೆ ಕೆಡುತ್ತದೆ? ಈ ವಾದವು ಸಂಯಮದ ಪರವಾದುದಾಗಿದ್ದರೆ ಎರಡು ಕಡೆಯೂ ಕೇಳಿಸಬೇಕಾಗಿತ್ತು.

ಛೇದದ ವಾದಕ್ಕೆ ಮೂಲ ಒಂದು ತಪ್ಪು ತಿಳಿವಳಿಕೆ. ಹೋರಿಯ ಬೀಜ ಒಡೆಸುವುದನ್ನು ಕಂಡ ರೈತನಾಡಿನ ಜನ ಇದೂ ಅಂಥದೇ ಎಂದು ಭಾವಿಸಿದ್ದಾರೆ. ಪಶುಗಳನ್ನು ಹಾಗೆ ನಪುಂಸಕಗೊಳಿಸುವ ವೃತ್ತಿಯನ್ನು ನಿರ್ಲಾಂಛನವೆಂದು ಕರೆದು ಶ್ರಾವಕನಿಗೆ ನಿಷೇಧಿಸಿರುವುದು ಸರಿಯೇ. ಆದರೆ ವ್ಯಾಸೆಕ್ಟಮಿಯಲ್ಲಿ ವೃಷಣಗಳನ್ನು ಮುಟ್ಟುವುದೇ ಇಲ್ಲ. ಅವುಗಳಿಂದ ಹೊರಡುವ ಎರಡು ತೆಳು ವೀರ್ಯನಾಳಗಳನ್ನು ಕತ್ತರಿಸಿ ಕಟ್ಟುತ್ತಾರೆ, ಅಷ್ಟೆ. ಪುರುಷತ್ವದ ರಸವಾದ ಟೆಸ್ಟೋಸ್ಟಿರೋನ್ ರಕ್ತದ ಮೂಲಕ ಹರಿಯುವಂಥದು. ಅದಕ್ಕೆ ಈ ನಾಳದ ಹಂಗಿಲ್ಲ. ದನಿ, ಮೀಸೆ, ತೋಳ್ಬಲ, ದಾಂಪತ್ಯ ಸುಖ ಇವೆಲ್ಲ ಇದ್ದಂತೆಯೇ ಇರುತ್ತವೆ. ಚೀನಾದಲ್ಲಿ 1974ರಲ್ಲಿ ಲಿ ಶುನ್‌ಚಿಯಾಂಗ್ ಎಂಬ ವೈದ್ಯರು ರೂಪಿಸಿದ ವಿಧಾನದಲ್ಲಿ ಚರ್ಮಕ್ಕೆ ಚಾಕುವಿನ ಗೀರೂ ಬೀಳುವುದಿಲ್ಲ. ಚಿಕ್ಕ ರಂಧ್ರವೊಂದೇ ಸಾಕು, ಹೊಲಿಗೆಯೂ ಬೇಕಾಗದು.

ಇದಕ್ಕೆ ಹೋಲಿಸಿದರೆ ಸ್ತ್ರೀಗೆ ಮಾಡುವುದು ಉದರವನ್ನು ತೆರೆಯುವ ಶಸ್ತ್ರಚಿಕಿತ್ಸೆ. ಛತ್ತೀಸಗಢದ ಬಿಲಾಸಪುರ ಜಿಲ್ಲೆಯಲ್ಲಿ 2014ರ ನವೆಂಬರಿನಲ್ಲಿ ಒಂದು ಶಿಬಿರದಲ್ಲಿ ಒಂದೇ ದಿನ 83 ಮಹಿಳೆಯರಿಗೆ ಈ ಚಿಕಿತ್ಸೆ ನಡೆಯಿತು. ಆ ದಿನಗಳಲ್ಲಿ ಆ ಜಿಲ್ಲೆಯ ಶಿಬಿರಗಳಿಗೆ ಹೋದ ಹನ್ನೆರಡಕ್ಕೂ ಹೆಚ್ಚು ತಾಯಂದಿರು ಮನೆಗೆ ಮರಳಲಿಲ್ಲ. ಶಿಬಿರ ಪದ್ಧತಿಯನ್ನು ಕೊನೆಗಾಣಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2016ರಲ್ಲಿ, ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ, ಆದೇಶಿಸಬೇಕಾಯಿತು. ಸಿಸೇರಿಯನ್ ಹೆರಿಗೆಯ ಸಮಯದಲ್ಲಿಯೇ ಗರ್ಭನಾಳವನ್ನು ಕಟ್ಟಿದರೆ ಹೆಚ್ಚಿನ ಶ್ರಮವಿಲ್ಲವೆಂಬುದನ್ನು ಒಪ್ಪಲೇಬೇಕು. ಆದರೆ ಸಹಜ ಹೆರಿಗೆಯಾದ ತಾಯಿಯನ್ನೂ ಅದೇ ದಾರಿಗೆ ದೂಡುವುದಕ್ಕೆ ಈ ನೆಪ ಸಲ್ಲದು.

ಕರ್ತೃವಿನ ಪ್ರಮಾದ ಮತ್ತು ಕಷಾಯಗಳನ್ನು ನೋಡಿ ಹಿಂಸೆಯನ್ನು ಅಳೆಯುವ ಧರ್ಮ ಜೈನಧರ್ಮ. ತನ್ನ ದೇಹದ ಮೇಲೆ ತಾನೇ ತಿಳಿದು, ಒಪ್ಪಿ, ಮತ್ತೊಬ್ಬರ ನೋವನ್ನು ತಪ್ಪಿಸಲು ಪಡೆಯುವ ಚಿಕಿತ್ಸೆಯಲ್ಲಿ ಯಾವ ಕಷಾಯವಿದೆ? ಕಿರಿದಾದ ನೋವು ತನಗೆ ಬೇಡವೆಂದು ಹಿರಿದಾದ ನೋವನ್ನು ಹೆತ್ತು ದಣಿದವಳಿಗೆ ದಾಟಿಸುವುದರಲ್ಲಿ ಯಾವುದಿಲ್ಲ?

ಶಾಸ್ತ್ರದ ಮಾತು ಮುಗಿದ ಮೇಲೆ ಉಳಿಯುವುದು ಭಯ. ಅದನ್ನು ಹಾಸ್ಯ ಮಾಡಬೇಕಾಗಿಲ್ಲ. ಕಡಲೆಕಾಯಿ ಮೂಟೆ ಎತ್ತುವವನಿಗೆ, ಅಂಗಡಿಯಲ್ಲಿ ದಿನವಿಡೀ ನಿಲ್ಲುವವನಿಗೆ ಶಕ್ತಿ ಕುಂದೀತೆಂಬ ಅಂಜಿಕೆ ಸಹಜ. ಮಾಡಿಸಿಕೊಂಡವರ ಅನುಭವದ ಸಾಮಾನ್ಯ ರೂಪ ಇಷ್ಟು: ಮರಗಟ್ಟಿಸುವ ಸೂಜಿಯ ಚುಚ್ಚು, ಎಳೆದಂತಾಗುವ ಒಂದು ಮಂದ ನೋವು, ಎರಡು ದಿನದ ಬಾವು, ಬಿಗಿಯಾದ ಒಳಉಡುಪು, ವಾರದವರೆಗೆ ಭಾರ ಎತ್ತದಿರುವುದು. ಕೆಲವರಿಗೆ ರಕ್ತ ಹೆಪ್ಪುಗಟ್ಟಬಹುದು, ಸೋಂಕಾಗಬಹುದು. ಅತಿ ಕೆಲವರಲ್ಲಿ ನೋವು ತಿಂಗಳುಗಟ್ಟಲೆ ಉಳಿಯುವುದೂ ಉಂಟು. ಇದನ್ನು ಮುಚ್ಚಿಡುವ ವೈದ್ಯನು ಸತ್ಯಾಣುವ್ರತಕ್ಕೆ ದೂರ. ಮಗುವಿಗೆ ಏನಾದರೂ ಆದರೆ ಎಂಬ ಚಿಂತೆಯೂ ಹಗುರವಾದುದಲ್ಲ. ನಾಳವನ್ನು ಮರುಜೋಡಿಸುವ ಚಿಕಿತ್ಸೆಯುಂಟಾದರೂ ಫಲ ನಿಶ್ಚಿತವಿಲ್ಲ. ಇನ್ನೂ ಸಂದೇಹವಿರುವವನು ಕಾಯುವುದೇ ಸರಿ. ಆದರೆ ಈ ಚಿಂತೆ ತಾಯಿಗೂ ಇರುತ್ತದೆಂಬುದನ್ನು ಅವಳ ಸರದಿ ಬಂದಾಗ ಯಾರೂ ಕೇಳುವುದಿಲ್ಲ.

ತುರ್ತುಪರಿಸ್ಥಿತಿಯ ನೆನಪು ಇನ್ನೊಂದು ತಡೆ. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ ನಡೆದ ಸುಮಾರು 82 ಲಕ್ಷ ಸಂತಾನಹರಣ ಶಸ್ತ್ರಚಿಕಿತ್ಸೆಗಳಲ್ಲಿ 62 ಲಕ್ಷದಷ್ಟು ಪುರುಷರವು; ಅನೇಕವು ಬಲಾತ್ಕಾರದವು. ಅದು ಹಿಂಸೆಯೇ, ಅದರಲ್ಲಿ ಎರಡು ಮಾತಿಲ್ಲ. ಅಂದಿನ ಸರ್ಕಾರ ಪುರುಷರಿಗೆ ಮಾಡಿದ ಅನ್ಯಾಯದ ದಂಡವನ್ನು ಅರ್ಧ ಶತಮಾನದಿಂದ ಹೆಂಗಸರು ತೆರುತ್ತಿರುವುದು ಮಾತ್ರ ಯಾವ ನ್ಯಾಯ? ಅದಕ್ಕೂ ಮೊದಲು ಬಲಾತ್ಕಾರವಿಲ್ಲದ ಕಾಲದಲ್ಲಿ ಪುರುಷರೇ ಹೆಚ್ಚಾಗಿ ಮುಂದೆ ಬರುತ್ತಿದ್ದರು. ಕೇರಳದ ಎರ್ನಾಕುಲಂನಲ್ಲಿ 1971ರ ಜುಲೈ ತಿಂಗಳ ಶಿಬಿರವೊಂದರಲ್ಲೇ ಸುಮಾರು 63 ಸಾವಿರ ವ್ಯಾಸೆಕ್ಟಮಿಗಳಾದವು. ಅಂದಿನವರಿಗಿಂತ ಇಂದಿನವರ ಪುರುಷತ್ವ ಹೆಚ್ಚು ಕೋಮಲವಾಗಿದೆಯೇನೋ.

ಬಸದಿಗಳ ಟ್ರಸ್ಟುಗಳು ಮಹಾವೀರ ಜಯಂತಿಗೆ ರಕ್ತದಾನ ಶಿಬಿರ, ನೇತ್ರ ತಪಾಸಣೆಗಳನ್ನು ಶ್ರದ್ಧೆಯಿಂದ ನಡೆಸುತ್ತವೆ. ಶ್ರಾವಕರು ಸೇರಿದ ಅಂಥ ಒಂದು ದಿನ, ಪುರುಷರನ್ನಷ್ಟೇ ಕೂರಿಸಿ ವೈದ್ಯರೊಬ್ಬರಿಂದ ಒಂದು ಗಂಟೆ ಮಾತನಾಡಿಸಲು ಯಾವ ಖರ್ಚೂ ಇಲ್ಲ. ಹೆಸರು ಬರೆಸಿಕೊಳ್ಳುವುದಾಗಲಿ, ಗುರಿ ನಿಗದಿಪಡಿಸುವುದಾಗಲಿ, ಸನ್ಮಾನಿಸುವುದಾಗಲಿ ಕೂಡದು. ಒತ್ತಾಯದ ನೆರಳೂ ಬೀಳಬಾರದು. ಪ್ರತಿ ವರ್ಷ ನವೆಂಬರ್ 21ರಿಂದ ಡಿಸೆಂಬರ್ 4ರವರೆಗೆ ಆರೋಗ್ಯ ಇಲಾಖೆ ಪುರುಷರಿಗಾಗಿಯೇ ಪಾಕ್ಷಿಕವನ್ನು ಆಚರಿಸುತ್ತದೆ. ಆಗ ಆಶಾ ಕಾರ್ಯಕರ್ತೆ ಮನೆಗೆ ಬಂದರೆ ಯಜಮಾನನು ಹಿತ್ತಲಿಗೆ ಸರಿದು ಹೆಂಡತಿಯನ್ನು ಮುಂದೆ ಕಳಿಸದೆ, ತಾನೇ ಜಗುಲಿಯಲ್ಲಿ ಕುಳಿತು ಕೇಳಲಿ. ಚಿಕಿತ್ಸೆಯಾದ ಒಡನೆ ಫಲವಿಲ್ಲವೆಂಬುದನ್ನೂ ಆಕೆಯಿಂದಲೇ ತಿಳಿಯಲಿ: ಮೂರು ತಿಂಗಳು ಬೇರೆ ಎಚ್ಚರಿಕೆ ಬೇಕು, ಆಮೇಲೆ ವೀರ್ಯಪರೀಕ್ಷೆ ಮಾಡಿಸಿ ವರದಿಯಲ್ಲಿ ವೀರ್ಯಾಣುಗಳಿಲ್ಲವೆಂದು ಖಚಿತವಾಗಬೇಕು. ಈ ಪರೀಕ್ಷೆಯನ್ನು ಸೋಮಾರಿತನದಿಂದ ಬಿಟ್ಟು, ಮುಂದೆ ಗರ್ಭ ನಿಂತಾಗ ಹೆಂಡತಿಯ ಶೀಲವನ್ನು ಶಂಕಿಸುವವನು ಛೇದ, ಅತಿಭಾರಾರೋಪಣಗಳೆರಡನ್ನೂ ಮೀರಿದ ಪಾಪಕ್ಕೆ ಇಳಿಯುತ್ತಾನೆ.